ಹೊಸ ಆಕ್ಸಲ್ ಬಿಚ್ಚಿ ಹಳೆಯದನ್ನೇ ಹಾಕಿದ ಝೆನ್

ಕಾರು 2004ರ ಮಾರುತಿ ಝೆನ್. ಪೆಟ್ರೋಲ್, ಐದು ಗೇರು. ಮಾಲೀಕರು ಸಾಗರ ಪಟ್ಟಣದಾಚೆ ಅಡಿಕೆ ತೋಟ ಮಾಡಿಕೊಂಡಿರುವ ನಿವೃತ್ತ ಮೇಷ್ಟ್ರು. ಮನೆ ಅಂಗಳದಿಂದ ಡಾಂಬರು ರಸ್ತೆ ಸಿಗುವ ತನಕ ಜಲ್ಲಿ ಮತ್ತು ಕೆಮ್ಮಣ್ಣು. ಮಳೆಗಾಲದಲ್ಲಿ ಬರೀ ಕೆಸರು. ಆರ್‌ಸಿ 15 ವರ್ಷ ಆದಾಗ ಒಮ್ಮೆ ರಿನ್ಯೂ ಆಗಿದೆ, ಅದಾಗಿ ಐದು ವರ್ಷಕ್ಕೆ ಮತ್ತೊಮ್ಮೆ ಆಗಿದೆ. ಗ್ರೀನ್ ಟ್ಯಾಕ್ಸನ್ನೂ ಕಟ್ಟಿದ್ದಾರೆ. ಅಂದರೆ ಕಾರನ್ನು ಗುಜರಿಗೆ ಹಾಕುವ ಯೋಚನೆ ಅವರಿಗಿಲ್ಲ. ಹಳೆ ಗಾಡಿ ಗ್ಯಾರೇಜಿಗೆ ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಇನ್ನು ಎಷ್ಟು ವರ್ಷ ಓಡಿಸಬೇಕು ಅನ್ನುವುದರ ಮೇಲೆ ಯಾವ ಪಾರ್ಟ್ ಹಾಕಬೇಕು ಅನ್ನುವುದು ನಿಂತಿದೆ.

ದೂರು ಎರಡು ಕಂತಿನದು. ಮೊದಲ ಕಂತಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ಕಟ್ ಮಾಡಿದಾಗ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಬೇರೆ ಊರಿನ ಗ್ಯಾರೇಜಿನಲ್ಲಿ ಎಡಗಡೆಯ ಇಡೀ ಆಕ್ಸಲನ್ನೇ, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಶಾಫ್ಟನ್ನು ಜಾಯಿಂಟ್ ಸಮೇತ, ಬದಲಾಯಿಸಿದರು. ಟಕ್ ಟಕ್ ನಿಂತಿತು. ಕೆಲವೇ ದಿನದಲ್ಲಿ ಎರಡನೇ ಕಂತು ಶುರುವಾಯಿತು. ಏರಿನಲ್ಲಿ ಎರಡನೇ ಇಲ್ಲವೇ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಡೀ ಮುಂಭಾಗ ನಡುಗುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹನಿಯೂ ಬೀಳುತ್ತಿತ್ತು.

"ನೋಡಪ್ಪಾ, ಮೊದ್ಲು ಟಕ್ ಟಕ್ ಅಂತಿತ್ತು, ಈಗ ಗಡಗಡ ಅಂತದೆ. ದುಡ್ಡು ಕೊಟ್ಟು ಸದ್ದು ಬದಲಾಯಿಸಿಕೊಂಡ ಹಾಗಾಯ್ತು," ಅಂದರು ಮೇಷ್ಟ್ರು.

ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಿ ಆಕ್ಸಲ್‌ಗೆ ಎರಡು ಕಷ್ಟದ ಕೆಲಸಗಳಿವೆ. ಚಕ್ರ ಎಡಬಲ ತಿರುಗಿದರೂ ಅದಕ್ಕೆ ಶಕ್ತಿ ಮುಟ್ಟಿಸಬೇಕು. ಚಕ್ರ ಗುಂಡಿಗೆ ಬಿದ್ದು ಮೇಲೆ ಕೆಳಗೆ ಆದರೂ ಮುಟ್ಟಿಸಬೇಕು. ಮೊದಲ ಕೆಲಸ ಚಕ್ರದ ಪಕ್ಕದ ಹೊರ ಜಾಯಿಂಟ್‌ನದು. ಒಳಗೆ ಆರು ಉಕ್ಕಿನ ಗುಂಡುಗಳು, ಅವುಗಳನ್ನು ಹಿಡಿದಿಡಲು ಒಂದು ಕೇಜ್, ಗುಂಡು ಓಡಾಡಲು ಬಾಗಿದ ತೋಡುಗಳು. 1920ರ ದಶಕದಲ್ಲಿ ಫೋರ್ಡ್‌ನಲ್ಲಿ ಎಂಜಿನಿಯರ್ ಆಗಿದ್ದ ಆಲ್ಫ್ರೆಡ್ ಜೆಪ್ಪಾ ಕಂಡುಹಿಡಿದ ವಿನ್ಯಾಸ ಅದು. 1959ರ ಬ್ರಿಟಿಷ್ ಮಿನಿ ಕಾರು ಅದನ್ನು ಸಣ್ಣ ಕಾರಿಗೆ ತಂದಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಎಲ್ಲ ಹಿಂದಿನ ಚಕ್ರ ತಳ್ಳುವ ಗಾಡಿಗಳು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆಯೇ ನಮ್ಮ ಮೆಕ್ಯಾನಿಕ್‌ಗಳ ಕೈಗೆ ಈ ಜಾಯಿಂಟ್ ದಿನಾ ಸಿಗತೊಡಗಿದ್ದು.

ಎರಡನೇ ಕೆಲಸ ಗೇರ್‌ಬಾಕ್ಸ್ ಪಕ್ಕದ ಒಳ ಜಾಯಿಂಟ್‌ನದು. ಇದರಲ್ಲಿ ಮೂರು ಕಾಲಿನ ಟ್ರೈಪಾಡ್ ಇರುತ್ತದೆ. ಒಂದೊಂದು ಕಾಲಿಗೂ ಒಂದೊಂದು ರೋಲರ್. ಬಟ್ಟಲಿನಂಥ ಕಪ್ಪಿನೊಳಗಿನ ಮೂರು ತೋಡುಗಳಲ್ಲಿ ರೋಲರ್‌ಗಳು ಹಿಂದೆ ಮುಂದೆ ಜಾರುತ್ತವೆ. ಹಾಗಾಗಿ ಚಕ್ರ ಕುಣಿದಂತೆ ಆಕ್ಸಲ್ ತನ್ನ ಉದ್ದವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎರಡೂ ಜಾಯಿಂಟ್‌ಗಳ ಮೇಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್. ಒಳಗೆ ಗ್ರೀಸ್. ಬೂಟ್ ಗಟ್ಟಿಯಾಗಿರುವ ತನಕ ಜಾಯಿಂಟ್ ಗಟ್ಟಿ. ಅದು ಹರಿದ ಮೇಲೆ ಗ್ರೀಸ್ ಆಚೆ, ಮಣ್ಣು ಒಳಗೆ.

ಇಷ್ಟು ಗೊತ್ತಿದ್ದರೆ ಅರ್ಧ ರೋಗ ಸದ್ದಿನಲ್ಲೇ ಸಿಗುತ್ತದೆ. ತಿರುವಿನಲ್ಲಿ ಟಕ್ ಟಕ್ ಅಂದರೆ ಹೊರ ಜಾಯಿಂಟ್. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುವುದರಿಂದ ಸಾಮಾನ್ಯವಾಗಿ ಎಡಗಡೆಯದೇ ಕೂಗುತ್ತದೆ. ನೇರ ಹೋಗುವಾಗ, ಎಳೆತ ಬಿದ್ದಾಗ ನಡುಗಿದರೆ ಒಳ ಜಾಯಿಂಟ್ ಮೇಲೆ ಅನುಮಾನ. ಕಾಲು ತೆಗೆದ ತಕ್ಷಣ ನಡುಕ ನಿಂತರಂತೂ ಅನುಮಾನ ಇನ್ನೂ ಜಾಸ್ತಿ.

ಆದರೂ ಬಿಚ್ಚುವ ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಇಂಥ ನಡುಕಕ್ಕೆ ಬಹಳ ಕಡೆ ವೀಲ್ ಬ್ಯಾಲೆನ್ಸ್ ಮಾಡಿ ಬಿಲ್ ಕೊಟ್ಟು ಕಳಿಸುತ್ತಾರೆ. ಇಲ್ಲಿ ಅದು ಹೊಂದುವುದಿಲ್ಲ. ಬ್ಯಾಲೆನ್ಸ್ ತಪ್ಪಿದ ಚಕ್ರ ವೇಗ ನೋಡುತ್ತದೆ, ಆಕ್ಸಿಲರೇಟರ್ ನೋಡುವುದಿಲ್ಲ. ಕಾಲು ತೆಗೆದರೂ ಅದೇ ವೇಗದಲ್ಲಿ ನಡುಗುತ್ತಲೇ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಝೆನ್‌ನ ಸಣ್ಣ ಟೈರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು ಆರೂವರೆ ಸುತ್ತು ಸುತ್ತುತ್ತದೆ. ಬ್ಯಾಲೆನ್ಸ್ ತಪ್ಪಿದ್ದರೆ ಪ್ರತಿ ಸುತ್ತಿನಲ್ಲಿ ಒಂದೇ ಪೆಟ್ಟು. ಟ್ರೈಪಾಡ್ ಕೆಟ್ಟಿದ್ದರೆ ಮೂರು ರೋಲರ್ ಇರುವುದರಿಂದ ಪ್ರತಿ ಸುತ್ತಿನಲ್ಲಿ ಮೂರು ಪೆಟ್ಟು. ಅಂದರೆ ಸೆಕೆಂಡಿಗೆ 20ರ ಹತ್ತಿರ. ಎಣಿಸೋಕೆ ಆಗಲ್ಲ ನಿಜ, ಆದರೆ ಕಾಲಿನ ಕೆಳಗೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಕುಲುಕಾಟ, ಇನ್ನೊಂದು ಗುಡುಗುಡು. ಮೇಷ್ಟ್ರ ಕಾರಿನದು ಗುಡುಗುಡು.

ಎಂಜಿನ್ ಕೂತಿರುವ ರಬ್ಬರ್ ಮೌಂಟ್ ಹೋಗಿದ್ದರೂ ಹೀಗೆ ಆಗಬಹುದು. ಎಂಜಿನ್ ವಾಲಿದರೆ ಒಳ ಜಾಯಿಂಟ್‌ನ ಕೋನವೇ ಬದಲಾಗುತ್ತದೆ, ಒಳ್ಳೆಯ ಆಕ್ಸಲ್ ಕೂಡ ನಡುಗುತ್ತದೆ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ತುಳಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪ ಬಿಡಿಸಿ ನೋಡಿದೆ. ಎದುರಿಗೆ ಯಾರನ್ನೂ ನಿಲ್ಲಿಸಬಾರದು, ಪಕ್ಕದಿಂದ ನೋಡಬೇಕು. ಎಂಜಿನ್ ಒಂದಿಷ್ಟು ಎದ್ದು ಕೂತಿತು, ಜಾಸ್ತಿ ಹಾರಲಿಲ್ಲ. ಮೌಂಟ್ ರಬ್ಬರಿನಲ್ಲಿ ಬಿರುಕೂ ಇರಲಿಲ್ಲ. ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಎರಡನ್ನೂ ಲಿವರ್ ಹಾಕಿ ಮೀಟಿದೆ. ಸರಿಯಿದ್ದವು. ಕೊನೆಗೆ ಎಡ ಒಳ ಜಾಯಿಂಟ್‌ನ ಕಪ್ಪನ್ನು ಒಂದು ಕೈಯಲ್ಲಿ, ಶಾಫ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿದೆ. ಕಟ್ ಅಂತ ಆಟ, ಅಂದರೆ ಸಡಿಲ, ಬಂತು. ಬಲಗಡೆ ಅದೇ ಪರೀಕ್ಷೆ ಮಾಡಿದೆ. ಇಷ್ಟು ವರ್ಷ ಹಳೆಯದಾದ ಬಲ ಆಕ್ಸಲ್‌ನಲ್ಲಿ ಆಟ ಹೊಸದಕ್ಕಿಂತ ಕಡಿಮೆ!

ಎಣ್ಣೆ ಸೋರುತ್ತಿದ್ದದ್ದು ಅದೇ ಕಪ್ ಗೇರ್‌ಬಾಕ್ಸಿನೊಳಗೆ ಹೋಗುವ ಜಾಗದ ರಬ್ಬರ್ ಸೀಲಿನಿಂದ. ಎರಡು ರೋಗಕ್ಕೂ ಒಂದೇ ವಿಳಾಸ.

ಹಳೆ ಆಕ್ಸಲ್ ಏನಾಯಿತು ಅಂತ ಕೇಳಿದೆ. "ಡಿಕ್ಕಿಯಲ್ಲಿದೆ. ಏನೇ ಬಿಚ್ಚಿದರೂ ವಾಪಸ್ ತಗೊಂಡು ಬರ್ತೀನಿ ನಾನು," ಅಂದರು. ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದರು. ಈ ಕೆಲಸ ಉಳಿದಿದ್ದೇ ಅದರಿಂದ. ಹಳೆ ಪಾರ್ಟ್ ಕೇಳಿ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಹತ್ತು ಜನರಲ್ಲಿ ಒಬ್ಬರೂ ಕೇಳುವುದಿಲ್ಲ.

ಬಿಚ್ಚುವ ಕೆಲಸ

ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಕೆಲವು ಕಾರುಗಳಲ್ಲಿ ಸ್ಪ್ಲಿಟ್ ಪಿನ್ ಇರುತ್ತದೆ, ಕೆಲವಲ್ಲಿ ನಟ್ಟಿನ ಅಂಚನ್ನೇ ಶಾಫ್ಟಿನ ತೋಡಿಗೆ ಬಡಿದು ಕೂರಿಸಿರುತ್ತಾರೆ. ಆ ಲಾಕ್ ಬಿಡಿಸದೆ ಪೈಪ್ ಹಾಕಿ ಎಳೆದರೆ ಥ್ರೆಡ್ ಹಾಳು. ಇಲ್ಲಿ ಥ್ರೆಡ್ಡಿನ ತುದಿ ಆಗಲೇ ಸ್ವಲ್ಪ ಚಪ್ಪಟೆಯಾಗಿತ್ತು. ಹಿಂದೆ ಹಾಕಿದವರು ಸುತ್ತಿಗೆಯಲ್ಲೇ ಕೆಲಸ ಮಾಡಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ಗೇರ್ ಆಯಿಲ್ ಇಳಿಸುವುದು. ಇಲ್ಲಿ ಒಂದು ನಿಯಮ ಇಟ್ಟುಕೊಂಡರೆ ಒಳ್ಳೆಯದು. ತುಂಬಿಸುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವ ಪ್ಲಗ್ ಆಮೇಲೆ. ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನ ಪ್ಲಗ್ ಜಾಮ್ ಅಂತ ಗೊತ್ತಾದರೆ ಕಾರು ಅಲ್ಲಾಡುವಂತಿಲ್ಲ. ಈ ಕಾರಿನಲ್ಲಿ ಎಣ್ಣೆ ಇರಬೇಕಾದ್ದಕ್ಕಿಂತ ಚೆನ್ನಾಗಿಯೇ ಕಡಿಮೆ ಇತ್ತು. ಇನ್ನೊಂದಿಷ್ಟು ದಿನ ಓಡಿಸಿದ್ದರೆ ಆಕ್ಸಲ್ ಬದಲು ಗೇರ್‌ಬಾಕ್ಸಿನ ಬಗ್ಗೆ ಬರೆಯಬೇಕಾಗುತ್ತಿತ್ತು.

ಲೋವರ್ ಆರ್ಮಿನ ಬಾಲ್ ಜಾಯಿಂಟನ್ನು ನಕಲ್‌ನಿಂದ, ಅಂದರೆ ಚಕ್ರದ ಹಬ್ಬನ್ನು ಹಿಡಿದಿರುವ ಭಾಗದಿಂದ, ಬಿಡಿಸಬೇಕು. ಅದನ್ನು ಹಿಡಿದಿರುವುದು ಅಡ್ಡಕ್ಕೆ ಹೋಗುವ ಒಂದು ಬೋಲ್ಟ್. ಇದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಎಳೆದು ತೆಗೆಯಬೇಕು. ಬಾಲ್ ಜಾಯಿಂಟ್ ಕಡ್ಡಿಯ ಮೇಲಿನ ತೋಡಿನಲ್ಲೇ ಬೋಲ್ಟ್ ಹಾದುಹೋಗುವುದರಿಂದ, ಅದು ಒಳಗಿರುವ ತನಕ ಎಷ್ಟು ಹೊಡೆದರೂ ಕಡ್ಡಿ ಇಳಿಯುವುದಿಲ್ಲ. ಬೋಲ್ಟ್ ತೆಗೆದು, ಉದ್ದ ಪೈಪಿನಿಂದ ಆರ್ಮನ್ನು ಕೆಳಕ್ಕೆ ಒತ್ತಿದರೆ ನಕಲ್ ಬಿಡುಗಡೆ. ಆಗ ಚಕ್ರದ ಹಬ್ಬನ್ನು ಹೊರಕ್ಕೆ ಎಳೆದು ಆಕ್ಸಲ್ ತುದಿಯನ್ನು ಹಿಂದಕ್ಕೆ ತಳ್ಳಬಹುದು. ಬಾರದಿದ್ದರೆ ನಟ್ಟನ್ನು ತುದಿಗೆ ಸಮವಾಗಿ ಸುತ್ತಿ, ಮರದ ತುಂಡು ಇಟ್ಟು ಹೊಡೆಯಬೇಕು. ಬ್ರೇಕ್ ಹೋಸ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ.

ಒಳತುದಿಯನ್ನು ಗೇರ್‌ಬಾಕ್ಸಿನಲ್ಲಿ ಹಿಡಿದಿರುವುದು ತಂತಿಯಂಥ ಒಂದು ಸ್ನ್ಯಾಪ್ ರಿಂಗ್. ಕಪ್ಪಿಗೂ ಗೇರ್‌ಬಾಕ್ಸಿಗೂ ನಡುವೆ ಲಿವರ್ ಇಟ್ಟು ಒಂದು ಜರ್ಕ್ ಕೊಟ್ಟರೆ ಹೊರಬರುತ್ತದೆ. ಶಾಫ್ಟ್ ಹಿಡಿದು ಎಳೆಯಲೇಬಾರದು. ಹಾಗೆ ಎಳೆದರೆ ಟ್ರೈಪಾಡ್ ಕಪ್ಪಿನಿಂದ ಕಳಚಿಕೊಂಡು ಬೂಟಿನೊಳಗೆ ಬೀಳುತ್ತದೆ. ಕಪ್ ಮಾತ್ರ ಗೇರ್‌ಬಾಕ್ಸಿನಲ್ಲೇ ಕೂತಿರುತ್ತದೆ.

ಎರಡು ಆಕ್ಸಲ್ ಬೆಂಚಿನ ಮೇಲೆ

ಹೊಸದು ಮತ್ತು ಹಳೆಯದನ್ನು ಪಕ್ಕಪಕ್ಕ ಇಟ್ಟೆ. ಉದ್ದ ಒಂದೇ. ಎರಡೂ ತುದಿಯ ಹಲ್ಲು ಎಣಿಸಿದೆ, ಅದೂ ಸರಿ. ಅಳತೆಯಲ್ಲಿ ತಪ್ಪು ಪಾರ್ಟ್ ಹಾಕಿರಲಿಲ್ಲ.

ವ್ಯತ್ಯಾಸ ಇದ್ದದ್ದು ಕಪ್ಪಿನ ಕುತ್ತಿಗೆಯಲ್ಲಿ, ಗೇರ್‌ಬಾಕ್ಸ್ ಸೀಲಿನ ತುಟಿ ಕೂರುವ ಜಾಗದಲ್ಲಿ. ಬಟ್ಟೆಯಿಂದ ಒರೆಸಿ ಉಗುರು ಆಡಿಸಿದೆ. ಹಳೆಯದರ ಮೇಲೆ ಉಗುರು ನಯವಾಗಿ ಜಾರಿತು, ಸೀಲ್ ಸವೆದ ಒಂದು ಹೊಳೆಯುವ ಪಟ್ಟಿ ಬಿಟ್ಟರೆ ಏನಿಲ್ಲ. ಹೊಸದರ ಮೇಲೆ ಉಗುರು ಸಿಕ್ಕಿಕೊಂಡಿತು. ಲೇತಿನಲ್ಲಿ ಸುತ್ತಿದ ಗೆರೆಗಳು ಹಾಗೇ ಇದ್ದವು, ಗ್ರೈಂಡಿಂಗ್ ಮಾಡಿಯೇ ಇರಲಿಲ್ಲ. ಅಂಥ ಮೇಲ್ಮೈ ಮೇಲೆ ರಬ್ಬರ್ ತುಟಿ ಎಷ್ಟು ದಿನ ಬಾಳೀತು? ಸೀಲ್ ತೆಗೆದು ನೋಡಿದರೆ ತುಟಿಯ ಅಂಚು ಸುತ್ತಲೂ ಚಿಂದಿಯಾಗಿತ್ತು.

ಬೂಟ್ ಸರಿಸಿ ಹೊಸದರ ಒಳ ಜಾಯಿಂಟ್ ಬಿಚ್ಚಿದೆ. ಗ್ರೀಸ್ ಒಂದು ಮುಷ್ಟಿಯೂ ಇಲ್ಲ, ಅದೂ ತೆಳ್ಳಗೆ, ಹಳದಿ ಬಣ್ಣ. ಕಪ್ಪಿನೊಳಗಿನ ತೋಡುಗಳಲ್ಲಿ ರೋಲರ್ ಕೂತ ಜಾಗ ಆಗಲೇ ಅದುಮಿ ಹೋಗಿತ್ತು. ಮೂರು ರೋಲರ್‌ಗಳಲ್ಲಿ ಒಂದು ಬೆರಳಿಗೆ ಗರಗರ ಅನ್ನುತ್ತಿತ್ತು. ಲೋಹ ಸರಿಯಾಗಿ ಹದವಾಗದಿದ್ದರೆ ಹೀಗೆ ಆಗುತ್ತದೆ. ಎಳೆತ ಬಿದ್ದಾಗ ರೋಲರ್ ಆ ತಗ್ಗಿಗೆ ಇಳಿದು ಹತ್ತಬೇಕು, ಪ್ರತಿ ಸುತ್ತಿಗೂ ಹಾಗೆ. ನಡುಕ ಅದರದ್ದೇ.

ಇನ್ನು ಹಳೆಯದು. ಹೊರ ಬೂಟ್ ಮಡಿಕೆಯ ಕಣಿವೆಯಲ್ಲಿ ಸುತ್ತಲೂ ಸೀಳಿತ್ತು. ಗುಂಡು ಜಾಯಿಂಟ್ ತುಂಬ ಕೆಮ್ಮಣ್ಣು ಬೆರೆತ ಗ್ರೀಸ್. ಡೀಸೆಲ್‌ನಲ್ಲಿ ತೊಳೆದೆ. ಗುಂಡುಗಳ ಮೇಲೆ ಚುಕ್ಕೆ ಚುಕ್ಕೆ, ತೋಡಿನಲ್ಲಿ ಗುಳಿ, ಕೇಜಿನ ಕಿಟಕಿಗಳು ಸವೆದು ಗುಂಡು ಅಲ್ಲಾಡುತ್ತಿತ್ತು. ಈ ಜಾಯಿಂಟ್ ಮುಗಿದಿತ್ತು. ಆದರೆ ಒಳ ಬೂಟ್ ಹರಿದಿರಲಿಲ್ಲ. ಬಿಚ್ಚಿದರೆ ಗ್ರೀಸ್ ಕಪ್ಪಾಗಿತ್ತು, ಮಣ್ಣಿಲ್ಲ. ತೊಳೆದ ಮೇಲೆ ಕಪ್ಪಿನ ತೋಡುಗಳಲ್ಲಿ ಬೆಳಕು ಹಾಯಿಸಿ ನೋಡಿದೆ. ಒಂದು ಗುಳಿ ಇಲ್ಲ. ಮೂರೂ ರೋಲರ್ ಸದ್ದಿಲ್ಲದೆ ತಿರುಗಿದವು.

ಹಿಂದಿನ ಗ್ಯಾರೇಜಿನವರು ರೋಗ ಹಿಡಿದದ್ದು ಸರಿಯಾಗಿಯೇ ಇತ್ತು. ಹೊರ ಜಾಯಿಂಟ್ ಹೋಗಿದ್ದು ನಿಜ. ಅದೊಂದಕ್ಕಾಗಿ ಕಂಪನಿಯ ಒಳ್ಳೆಯ ಶಾಫ್ಟ್, ಒಳ್ಳೆಯ ಒಳ ಜಾಯಿಂಟ್ ಎರಡನ್ನೂ ತೆಗೆದು ಡಿಕ್ಕಿಗೆ ಹಾಕಿಕೊಟ್ಟರು. ಇಡೀ ಆಕ್ಸಲ್ ಬದಲಾಯಿಸುವುದು ಬೇಗ ಆಗುವ ಕೆಲಸ. ಕೈಗೆ ಗ್ರೀಸ್ ಮೆತ್ತುವುದಿಲ್ಲ. ಅವರನ್ನು ಪೂರ್ತಿ ದೂರುವುದೂ ಕಷ್ಟ. ಬೂಟ್ ಬಿಚ್ಚಿ ಕಟ್ಟುವ ಕೂಲಿಗೆ ಗಿರಾಕಿ ಚೌಕಾಸಿ ಮಾಡುತ್ತಾನೆ, ಪಾರ್ಟಿನ ಬಿಲ್ಲಿಗೆ ಮಾಡುವುದಿಲ್ಲ.

ಯಾವುದನ್ನು ಹಾಕುವುದು

ದಾರಿ ಮೂರಿದ್ದವು. ಕಂಪನಿಯ ಹೊಸ ಆಕ್ಸಲ್ ಸಿಕ್ಕರೆ ಚಿಂತೆಯೇ ಇಲ್ಲ. ಆದರೆ ಝೆನ್ ನಿಂತಿದ್ದು 2006ರಲ್ಲಿ. ಕೌಂಟರಿನಲ್ಲಿ ಆರ್ಡರ್ ಹಾಕಿ ಕಾಯಿರಿ ಅಂದರು, ಯಾವಾಗ ಬರುತ್ತದೆ ಅನ್ನಲಿಲ್ಲ. ಗುಜರಿಯಿಂದ ಇನ್ನೊಂದು ಝೆನ್ನಿನ ಆಕ್ಸಲ್ ತರಬಹುದು, ಆದರೆ ಅದರ ಬೂಟಿನ ಚರಿತ್ರೆ ಯಾರಿಗೆ ಗೊತ್ತು? ಮೂರನೆಯದು, ನಮ್ಮದೇ ಹಳೆ ಶಾಫ್ಟಿಗೆ ಒಳ್ಳೆಯ ಬ್ರ್ಯಾಂಡಿನ ಹೊರ ಜಾಯಿಂಟ್ ಕಿಟ್, ಎರಡೂ ಕಡೆ ಹೊಸ ಬೂಟ್, ಹೊಸ ಗ್ರೀಸ್. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಗಾಡಿಯಾಗಿದ್ರೆ ಏನ್ ಮಾಡ್ತಿದ್ದೆ?" ಮೂರನೆಯದು ಅಂದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಪರಿಚಯದ ಅಂಗಡಿಗೆ ಫೋನ್ ಮಾಡಿದೆ, ಕಿಟ್ ಬಸ್ ಪಾರ್ಸೆಲ್‌ನಲ್ಲಿ ಬಂತು.

ಈ ದಾರಿ ಎಲ್ಲ ಕಾರಿಗೂ ಆಗುವುದಿಲ್ಲ. ಕೆಲವು ಕಾರುಗಳಲ್ಲಿ ಹೊರ ಜಾಯಿಂಟ್ ಶಾಫ್ಟಿನಿಂದ ಬಿಡುವುದೇ ಇಲ್ಲ, ಇಡೀ ಆಕ್ಸಲ್ ಬದಲಾಯಿಸಲೇಬೇಕು. ಶಾಫ್ಟಿನ ಹಲ್ಲು ಸವೆದಿದ್ದರೂ ಅಷ್ಟೇ. ಇಲ್ಲಿ ಜಾಯಿಂಟನ್ನು ಹಿಡಿದಿದ್ದದ್ದು ಒಂದು ಸರ್ಕ್ಲಿಪ್, ಅಂದರೆ ಸ್ಪ್ರಿಂಗಿನಂಥ ಬಳೆ. ಶಾಫ್ಟನ್ನು ತಾಮ್ರದ ತಗಡು ಸುತ್ತಿ ವೈಸಿನಲ್ಲಿ ಹಿಡಿದು, ಹಿತ್ತಾಳೆ ಕಡ್ಡಿಯಿಂದ ಜಾಯಿಂಟಿನ ಒಳ ರೇಸಿಗೆ (ಶಾಫ್ಟಿನ ಮೇಲೆ ಕೂರುವ ಒಳ ಬಳೆಗೆ) ಪೆಟ್ಟು ಕೊಟ್ಟಾಗ ಕಳಚಿತು.

ಜೋಡಿಸುವಾಗ ಗ್ರೀಸ್ ವಿಷಯದಲ್ಲಿ ಜಿಪುಣತನ ಬೇಡ. ಕಿಟ್ಟಿನ ಪೊಟ್ಟಣದಲ್ಲಿ ಬರುವುದು ಮಾಲಿಬ್ಡಿನಂ ಇರುವ ಕಪ್ಪು ಗ್ರೀಸ್, ಅಷ್ಟೂ ಒಳಗೆ ಹೋಗಬೇಕು. ವೀಲ್ ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ಬೇಡ. ಒಳ ಜಾಯಿಂಟಿನ ಬೂಟ್ ಕಟ್ಟುವಾಗ ಇನ್ನೊಂದು ಸೂಕ್ಷ್ಮ ಇದೆ. ಜಾಯಿಂಟನ್ನು ಅದರ ಮಾಮೂಲಿ ಉದ್ದಕ್ಕೆ ಎಳೆದಿಟ್ಟು, ಬೂಟಿನ ಸಣ್ಣ ತುದಿಯಲ್ಲಿ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಬೇಕು. ಪುಸ್ ಅಂತ ಗಾಳಿ ಓಡಾಡಿ ಬೂಟ್ ತನ್ನ ಆಕಾರಕ್ಕೆ ಬರುತ್ತದೆ. ಆಮೇಲೆಯೇ ಕ್ಲ್ಯಾಂಪ್. ಹಾಗೆ ಮಾಡದಿದ್ದರೆ ಬೂಟ್ ಒಳಕ್ಕೆ ಹೀರಿಕೊಂಡೋ ಹೊರಕ್ಕೆ ಉಬ್ಬಿಯೋ ಇರುತ್ತದೆ, ಮಡಿಕೆ ಒಂದಕ್ಕೊಂದು ಉಜ್ಜಿ ಬೇಗ ಸೀಳುತ್ತದೆ. ಕ್ಲ್ಯಾಂಪ್ ಅಂದರೆ ಸ್ಟೀಲಿನ ಪಟ್ಟಿಯೇ. ಪ್ಲಾಸ್ಟಿಕ್ ಟ್ಯಾಗ್ ಕಟ್ಟಿದ ಬೂಟ್‌ಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ. ಎಲ್ಲದರಲ್ಲೂ ಗ್ರೀಸ್ ಹೊರಗೇ ಇರುತ್ತದೆ.

ಗೇರ್‌ಬಾಕ್ಸಿಗೆ ಹೊಸ ಸೀಲ್ ಸಮವಾಗಿ ಬಡಿದು ಕೂರಿಸಿ, ತುಟಿಗೆ ಗ್ರೀಸ್ ಸವರಿದೆ. ಆಕ್ಸಲ್ ಒಳಗೆ ತೂರಿಸುವಾಗ ಹಲ್ಲುಗಳು ಆ ತುಟಿಗೆ ತಾಗಬಾರದು. ಶಾಫ್ಟಿನ ಭಾರವನ್ನು ಕೈಯಲ್ಲೇ ಹಿಡಿದು ನೇರ ಹಿಡಿಯಬೇಕು. ಸ್ನ್ಯಾಪ್ ರಿಂಗ್ ಕೂಡ ಹೊಸದು. ಕೊನೆಯಲ್ಲಿ ಒಂದು ತಳ್ಳು, ಕ್ಲಿಕ್ ಅಂತ ಸದ್ದು. ಕೇಳಿಸಿದರೂ ನಂಬದೆ ಕಪ್ಪನ್ನು ಹಿಡಿದು ಹೊರಕ್ಕೆ ಎಳೆದು ನೋಡಿದೆ. ಬರಲಿಲ್ಲ, ಅಂದರೆ ಕೂತಿದೆ. ಬಾಲ್ ಜಾಯಿಂಟ್ ಮೇಲೆತ್ತಿ ಅಡ್ಡ ಬೋಲ್ಟ್ ಹಾಕಿದ್ದಾಯಿತು.

ಆಕ್ಸಲ್ ನಟ್ ಹೊಸದು. ಸಣ್ಣ ಕಾರುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 150ರಿಂದ 200 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಬೇಕು. ಸರಿಯಾದ ಅಂಕಿಯನ್ನು ಆ ಮಾಡೆಲ್ಲಿನ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಬರೀ ಕೈಯಂದಾಜು ಇಲ್ಲಿ ನಡೆಯುವುದಿಲ್ಲ, ಟಾರ್ಕ್ ರೆಂಚ್ ಬೇಕು. ಈ ನಟ್ ಆಕ್ಸಲನ್ನು ಹಿಡಿಯುವುದಷ್ಟೇ ಅಲ್ಲ, ವೀಲ್ ಬೇರಿಂಗನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಅದಕ್ಕೇ ಆಕ್ಸಲ್ ತೆಗೆದ ಕಾರನ್ನು ಚಕ್ರದ ಮೇಲೆ ಉರುಳಿಸಬಾರದು. ಎರಡು ಮಾರು ತಳ್ಳಿದರೂ ಬೇರಿಂಗ್ ಕೆಡಬಹುದು. ಕೊನೆಗೆ ಗೇರ್ ಆಯಿಲ್, ಮೇಲಿನ ಪ್ಲಗ್ಗಿನ ಅಂಚಿಗೆ ಬಂದು ಸೋರುವ ತನಕ.

ಟ್ರಯಲ್‌ಗೆ ಮೇಷ್ಟ್ರೇ ಸ್ಟೇರಿಂಗ್ ಹಿಡಿದರು. ಮೊದಲು ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತು. ಎರಡೂ ಕಡೆ ಪೂರ್ತಿ ಕಟ್ ಮಾಡಿದರೂ ಸದ್ದಿಲ್ಲ. ಆಮೇಲೆ ಏರು. ಮೂರನೇ ಗೇರಿನಲ್ಲಿ ಬೇಕೆಂದೇ ಪೂರ್ತಿ ತುಳಿಯಲು ಹೇಳಿದೆ. ಎಂಜಿನ್ ಗೊಣಗಿತು, ಗಾಡಿ ನಡುಗಲಿಲ್ಲ. ಕೆಲವು ದಿನ ಓಡಿಸಿದ ಮೇಲೆ ಮತ್ತೆ ಕರೆಸಿ ಸೀಲ್, ಕ್ಲ್ಯಾಂಪ್ ನೋಡಿದೆ. ಒಣಗಿಯೇ ಇತ್ತು.

ಬಿಚ್ಚಿದ ಹೊಸ ಆಕ್ಸಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಒಮ್ಮೆ ಫಿಟ್ ಮಾಡಿದ ಪಾರ್ಟಿಗೆ ಗ್ಯಾರಂಟಿ ಇಲ್ಲವಂತೆ. ಫಿಟ್ ಮಾಡದೆ ಗ್ಯಾರಂಟಿ ನೋಡುವುದು ಹೇಗೆ ಅಂತ ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು.

ಉಳಿದದ್ದು ಬಲಗಡೆ. ಅಲ್ಲಿ ಜಾಯಿಂಟ್ ಚೆನ್ನಾಗಿದೆ, ಬೂಟ್ ಮಾತ್ರ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸುತ್ತಿದೆ. ಗ್ರೀಸ್ ಇನ್ನೂ ಹೊರಬಂದಿಲ್ಲ. ಬೂಟ್ ಕಿಟ್ಟಿಗೆ ಕೆಲವು ನೂರು, ಮೇಲೆ ಕೂಲಿ. ಬಿಟ್ಟರೆ ಇದೇ ಕಥೆ ಬಲಗಡೆಯಿಂದ ಶುರು. ಮಳೆ ಹಿಡಿಯುವ ಮೊದಲು ಮಾಡಿಸಿ ಅಂದೆ. "ಎರಡು ಸಲ ಯಾಕೆ ಬಿಚ್ತೀಯ, ಈಗಲೇ ಹಾಕಿಬಿಡು, ಹಳೇ ಬೂಟ್ ನಂಗೆ ವಾಪಸ್ ಕೊಡು," ಅಂದರು.